ಹೊರೆಯಿಲ್ಲದೆ ಇಳಿದ ಘಟ್ಟ
ಸಂಶಿಯಿಂದ ಕಾರವಾರದ ಕಡಲಿಗೆ

ಎರೆಯ ಸೀಮೆಯ ಒಕ್ಕಲುಮಗನ ಪಂಚಾಂಗದಲ್ಲಿ ಎಲ್ಲಕ್ಕೂ ಒಂದೊಂದು ವೇಳೆಯುಂಟು. ಬಿಡುವಿಗೆ ಮಾತ್ರ ಇಲ್ಲ. ರೋಹಿಣಿಯಲ್ಲಿ ಹೊಲ ಹದವಾಗಬೇಕು, ಮುಂಗಾರಿಗೆ ಬಿತ್ತಬೇಕು, ಕಳೆ ತೆಗೆಯಬೇಕು. ದೀಪಾವಳಿ ಕಳೆಯುವಷ್ಟರಲ್ಲಿ ಹತ್ತಿ ಬಾಯ್ದೆರೆದಿರುತ್ತದೆ. ಅದನ್ನು ಬಿಡಿಸಿ ಮುಗಿಸುವುದರೊಳಗೆ ಮೆಣಸಿನಕಾಯಿ ಕೆಂಪಾಗಿ ಕರೆಯುತ್ತದೆ. ಅದರ ಬೆನ್ನಿಗೆ ಕಡಲೆ, ಅದರ ಬೆನ್ನಿಗೆ ಹಿಂಗಾರಿ ಜೋಳ. ಸುಗ್ಗಿ ತೀರಿತೆಂದು ಉಸಿರು ಬಿಡುವ ಹೊತ್ತಿಗೆ ಮದುವೆ ಮುಂಜಿಗಳ ಕಾಲ ಬಂದಿರುತ್ತದೆ.

ಹಾಗೆಂದು ನಮ್ಮ ಜನ ಊರು ಬಿಟ್ಟು ಕದಲುವುದೇ ಇಲ್ಲವೆಂದಲ್ಲ. ಎಲ್ಲಮ್ಮನ ಗುಡ್ಡಕ್ಕೆ ಹೋಗುತ್ತಾರೆ. ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೋಗುತ್ತಾರೆ. ಉಳವಿಯ ಜಾತ್ರೆಗೆ ಇಂದಿಗೂ ಎತ್ತುಗಳಿಗೆ ಝೂಲ ಹೊದಿಸಿ ಚಕ್ಕಡಿ ಹೂಡುವವರಿದ್ದಾರೆ. ಆದರೆ ಆ ಪಯಣಕ್ಕೆಲ್ಲ ದೇವರೊಬ್ಬನ ಸಾಕ್ಷಿ ಬೇಕು. ಹರಕೆಯ ನೆಪ ಬೇಕು. ಹರಕೆಯಿಲ್ಲದೆ, ಬೀಗರ ಕರೆಯಿಲ್ಲದೆ, ಆಸ್ಪತ್ರೆಯ ಕೆಲಸವಿಲ್ಲದೆ, ಬರಿದೇ ಮೂರು ದಿನ ಕುಳಿತು ಬರಲೆಂದು ಹತ್ತಾರು ಮಂದಿ ಕೂಡಿ ಹೊರಡುವುದೆಂದರೆ ಅದು ಇನ್ನೂ ನಮ್ಮ ಹಳ್ಳಿಗಳಲ್ಲಿ ಉತ್ತರ ಹೇಳಬೇಕಾದ ಸಂಗತಿಯೇ ಆಗಿದೆ. “ಏನು ಹೆಚ್ಚಾಗೇತಿ ಇವರಿಗೆ?” ಎಂಬ ಪ್ರಶ್ನೆ ಕಟ್ಟೆಯ ಮೇಲಿನಿಂದ ಬಂದೇ ಬರುತ್ತದೆ.

ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಸಂಶಿ, ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಹೋಗುವ ರೈಲುದಾರಿಯಲ್ಲಿ ಸಿಗುವ ಊರು. ಸುತ್ತ ನೋಡಿದಷ್ಟು ದೂರ ಎರೆಭೂಮಿ. ಸವಾಯಿ ಗಂಧರ್ವರು ಹುಟ್ಟಿದ ಕುಂದಗೋಳ ಹತ್ತಿರದಲ್ಲಿಯೇ ಇದೆ. ಈ ಊರಿನಿಂದ ಹದಿನೇಳು ಜನ, ಹನ್ನೊಂದು ಮಂದಿ ಹೆಂಗಸರು, ಆರು ಮಂದಿ ಗಂಡಸರು, ಹೋಳಿ ಹುಣ್ಣಿಮೆಗೆ ನಾಲ್ಕು ದಿನ ಮೊದಲು ಕಾರವಾರಕ್ಕೆ ಹೊರಟರು. ಅವರ ಜೊತೆಗೆ ಹೋಗಿಬಂದ ಮೇಲೆ, ಕಟ್ಟೆಯ ಮೇಲಿನ ಆ ಪ್ರಶ್ನೆಗೆ ಒಂದು ಉತ್ತರ ಹೇಳಬಹುದೆನಿಸಿದೆ.

ಹತ್ತಿ ನಡೆದ ಹಾದಿ

ಬಯಲುಸೀಮೆಗೂ ಕಡಲಿಗೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ. 1638ರಷ್ಟು ಹಿಂದೆಯೇ ಇಂಗ್ಲಿಷ್ ವರ್ತಕರು ಕಾರವಾರದಲ್ಲಿ ತಮ್ಮ ಕೋಠಿಯನ್ನು ತೆರೆದರು. ಅವರನ್ನು ಅಲ್ಲಿಗೆ ಎಳೆದ ಸರಕುಗಳಲ್ಲಿ ಮುಖ್ಯವಾದವು ಎರಡು: ಘಟ್ಟದ ಕರಿಮೆಣಸು ಮತ್ತು ನಯವಾದ ಅರಿವೆ. ಅರಿವೆ ಇಳಿದು ಬರುತ್ತಿದ್ದದ್ದು ಘಟ್ಟದ ಮೇಲಿನಿಂದ. ಅದರ ದೊಡ್ಡ ಪೇಟೆ ಹುಬ್ಬಳ್ಳಿ. 1673ರಲ್ಲಿ ಶಿವಾಜಿಯ ದಂಡು ಹುಬ್ಬಳ್ಳಿಯನ್ನು ಕೊಳ್ಳೆ ಹೊಡೆದಾಗ ಅಲ್ಲಿಯ ಇಂಗ್ಲಿಷರ ಮಳಿಗೆಯೂ ಸೂರೆಯಾಯಿತು. ಹುಬ್ಬಳ್ಳಿಯಲ್ಲಿ ಬಾಗಿಲು ಮುರಿದರೆ ಕಾರವಾರದಲ್ಲಿ ಲೆಕ್ಕ ತಪ್ಪುತ್ತಿತ್ತು. ಇವೆರಡು ಊರುಗಳ ಸಂಬಂಧ ಅಷ್ಟು ಹತ್ತಿರದ್ದಾಗಿತ್ತು.

ಅರಿವೆಯ ತರುವಾಯ ಹತ್ತಿಯ ಕಾಲ ಬಂದಿತು. ಧಾರವಾಡ ಸೀಮೆಯ ದೇಶೀ ಹತ್ತಿಗೆ ಹೊರಗಿನ ಪೇಟೆಗಳಲ್ಲಿ ‘ಕುಮಟಾ’ ಎಂಬ ಹೆಸರಿತ್ತು. ಬೆಳೆದದ್ದು ನಮ್ಮ ಎರೆಯಲ್ಲಿ; ಹೆಸರು ಬಂದದ್ದು ಹಡಗು ಹತ್ತಿದ ಬಂದರಿನಿಂದ! ತವರಿನ ಹೆಸರು ಮರೆಯಾಗಿ ಗಂಡನ ಮನೆಯ ಹೆಸರು ನಿಂತಂತೆ. 1840ರ ದಶಕದಲ್ಲಿ ಸರಕಾರ ಅಮೆರಿಕೆಯ ಬೀಜ ತರಿಸಿ ಇಲ್ಲಿ ಬಿತ್ತಿಸಿತು. ಆ ಬೆಳೆಗೆ ‘ಧಾರವಾಡ–ಅಮೆರಿಕನ್’ ಎಂಬ ಹೆಸರಾಯಿತು. 1861ರಲ್ಲಿ ಅಮೆರಿಕೆಯಲ್ಲಿ ಉತ್ತರ ದಕ್ಷಿಣ ರಾಜ್ಯಗಳ ನಡುವೆ ಯುದ್ಧ ಹೊತ್ತಿಕೊಂಡು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ, ಮ್ಯಾಂಚೆಸ್ಟರಿನ ಗಿರಣಿಗಳ ಕಣ್ಣು ನಮ್ಮ ಹೊಲಗಳ ಮೇಲೆ ಬಿದ್ದಿತು. ಧಾರಣೆ ಆಕಾಶಕ್ಕೇರಿತು. ಹತ್ತಿಯೇನೋ ಇತ್ತು, ಅದನ್ನು ಹಡಗಿಗೆ ಮುಟ್ಟಿಸುವ ದಾರಿ ಬೇಕಾಗಿತ್ತು.

ಆಗಲೇ ಕಾಳೀನದಿಯ ಮುಖದಲ್ಲಿದ್ದ ಸದಾಶಿವಗಡದ ಹೆಸರು ಲಂಡನ್ನಿನ ಪಾರ್ಲಿಮೆಂಟಿನವರೆಗೆ ಹೋಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಅದರ ಹಿಂದೆ ಈ ಬಂದರಿನ ಮೇಲಿನ ಆಸೆಯೂ ಇತ್ತು. ಕಾರವಾರ ಜಿಲ್ಲೆಯ ಮುಖ್ಯ ಪಟ್ಟಣವಾಯಿತು. ದೇವಿಮನೆಯ ಘಟ್ಟದಿಂದ ಕುಮಟೆಗೆ, ಅರಬೈಲು ಘಟ್ಟದಿಂದ ಕಾರವಾರಕ್ಕೆ ಹತ್ತಿಯ ಚಕ್ಕಡಿಗಳು ಸಾಲುಗಟ್ಟಿ ಇಳಿದವು. ಮರಳುವಾಗ ಅವೇ ಚಕ್ಕಡಿಗಳಲ್ಲಿ ಉಪ್ಪು, ತೆಂಗಿನಕಾಯಿ ಬರುತ್ತಿದ್ದವು.

ಆದರೆ ಆ ಭಾಗ್ಯ ಬಹುಕಾಲ ನಿಲ್ಲಲಿಲ್ಲ. 1865ರಲ್ಲಿ ಅಮೆರಿಕೆಯ ಯುದ್ಧ ಮುಗಿಯಿತು, ಧಾರಣೆ ಇಳಿಯಿತು. ಹುಬ್ಬಳ್ಳಿಯಿಂದ ಕಾರವಾರಕ್ಕೆ ರೈಲು ಬರುವುದೆಂಬ ಆಸೆಯೂ ಕೈಗೂಡಲಿಲ್ಲ. ರೈಲು ಹೋದದ್ದು ಗೋವೆಯ ಮುರಗಾವಿಗೆ. 1888ರಲ್ಲಿ ಆ ದಾರಿ ತೆರೆದೊಡನೆ ಎರೆಯ ಸೀಮೆಯ ಹತ್ತಿ ಘಟ್ಟದ ಹಾದಿಯನ್ನು ತೊರೆಯಿತು. ಹುಬ್ಬಳ್ಳಿ–ಅಂಕೋಲಾ ರೈಲು ಇಂದಿಗೂ ಪೂರ್ಣವಾಗದ ಮಾತಾಗಿಯೇ ಉಳಿದಿದೆ.

ಈ ಕಥೆಯನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣವಿದೆ. ಅರಬೈಲಿನ ಹಾದಿಯಲ್ಲಿ ನಮ್ಮ ಸೀಮೆಯ ಜನ ತಲೆಮಾರುಗಟ್ಟಲೆ ನಡೆದಿದ್ದಾರೆ. ಆದರೆ ಯಾವಾಗಲೂ ಹೊರೆಯೊಂದಿಗೆ: ಇಳಿಯುವಾಗ ಅರಳೆ, ಏರುವಾಗ ಉಪ್ಪು. ಕಡಲಿನ ದಂಡೆಯವರೆಗೆ ಹೋದ ಚಕ್ಕಡಿಯವನು ಕಡಲಿನ ಮುಂದೆ ಎಷ್ಟು ಹೊತ್ತು ಕುಳಿತಿದ್ದಾನು? ಎತ್ತಿಗೆ ಮೇವು, ಸರಕಿಗೆ ಕಾವಲು, ದಲಾಲಿಯ ಲೆಕ್ಕ. ಅವನ ಕಣ್ಣು ಅವುಗಳ ಮೇಲಿರುತ್ತಿತ್ತು. ಅವನ ಮನೆಯಾಕೆಯಂತೂ ಊರಿನಲ್ಲಿಯೇ ಇದ್ದಳು.

ಒಲೆಯನ್ನು ಬಿಟ್ಟು ಬರುವ ಕರಾರು

ಸಂಶಿಯವರ ಈ ಪ್ರವಾಸದ ಮಾತು ಹುಟ್ಟಿದ್ದು ಹೆಂಗಸರ ಉಳಿತಾಯ ಸಂಘದಲ್ಲಿ. ವಾರವಾರ ಕೂಡಿಟ್ಟ ದುಡ್ಡಿನಿಂದ ಕೆಲವರು ಹೊಲಿಗೆ ಯಂತ್ರ ಕೊಂಡಿದ್ದರು, ಕೆಲವರು ಎಮ್ಮೆ ಕಟ್ಟಿದ್ದರು. ಒಂದು ದಿನ ಅರವತ್ತು ದಾಟಿದ ಹಿರಿಯಾಕೆಯೊಬ್ಬರು, “ಹುಟ್ಟಿದಾಗಿಂದ ಟೀವ್ಯಾಗ ನೋಡೇನಿ, ಸಮುದ್ರಾ ಖರೇನ ಹೆಂಗಿರತೈತಿ ನೋಡಬೇಕವಾ” ಎಂದರು. ಯಾರೂ ನಗಲಿಲ್ಲ; ಏಕೆಂದರೆ ಅಲ್ಲಿದ್ದವರಲ್ಲಿ ಏಳೆಂಟು ಮಂದಿ ಕಡಲು ಕಂಡವರಲ್ಲ.

ರೂಢಿಯಂತೆ ಮೊದಲು ಬಂದ ಸಲಹೆ ಗಂಡಸರದು. ಒಂದು ಗಾಡಿ ಬಾಡಿಗೆಗೆ ಹಿಡಿಯುವುದು. ಗ್ಯಾಸಿನ ಒಲೆ, ಸಿಲಿಂಡರು, ಅಕ್ಕಿ, ಬೇಳೆ, ಪಾತ್ರೆ ಎಲ್ಲವನ್ನೂ ಹೇರಿಕೊಂಡು ಹೋಗುವುದು. ದಾರಿಯಲ್ಲಿ ಎಲ್ಲಾದರೂ ನೆರಳು ಕಂಡಲ್ಲಿ ಅಡಿಗೆ ಮಾಡಿ ಉಣ್ಣುವುದು. ಖರ್ಚು ಕಡಿಮೆ, ಊಟ ಬಾಯಿಗೆ ಒಗ್ಗುವಂಥದು. ನಮ್ಮ ಹಳ್ಳಿಗಳ ಪ್ರವಾಸಗಳೆಲ್ಲ ಬಹುಮಟ್ಟಿಗೆ ಹೀಗೆಯೇ ನಡೆಯುತ್ತವೆ. ಆಗ ಆ ಹಿರಿಯಾಕೆ ಹೇಳಿದ ಮಾತು ಇಷ್ಟು:

“ಒಲೀ ಹೊತ್ತಗೊಂಡು ಹೋಗೂದಾದ್ರ ನಾ ಒಲ್ಲೆ. ಇಲ್ಲಿ ಬೇಯಿಸಿ ಹಾಕೂದು, ಅಲ್ಲೂ ಬೇಯಿಸಿ ಹಾಕೂದು. ಸಮುದ್ರಕ್ಕ ಬೆನ್ನ ಮಾಡಿ ರೊಟ್ಟಿ ಬಡಿಯಾಕ ಅಷ್ಟು ದೂರ ಯಾಕ ಹೋಗಬೇಕ್ರೀ?”

ಈ ಒಂದು ಮಾತಿನಿಂದ ಇಡೀ ಪ್ರವಾಸದ ಸ್ವರೂಪವೇ ಬದಲಾಯಿತು. ವಿಶ್ರಾಂತಿಗೆಂದು ಹೋಗುವ ಬಳಗದಲ್ಲಿ ಅರ್ಧ ಜನ ದುಡಿಯುತ್ತಲೇ ಇದ್ದರೆ ಅದು ಉಳಿದರ್ಧ ಜನರ ವಿಶ್ರಾಂತಿಯಾದೀತೇ ಹೊರತು ಬಳಗದ ವಿಶ್ರಾಂತಿಯಾಗಲಾರದು. ಮೂರು ಕರಾರುಗಳಾದವು. ಅಡಿಗೆ ಮಾಡುವಂತಿಲ್ಲ, ಒಣ ಬುತ್ತಿ ಕಟ್ಟಿಕೊಂಡು ಹೋಗುವುದು, ಉಳಿದ ಊಟ ಖಾನಾವಳಿಯಲ್ಲಿ. ದಿನಕ್ಕೆ ಹತ್ತು ಊರು ಸುತ್ತುವಂತಿಲ್ಲ. ಒಂದೇ ಊರಿನಲ್ಲಿ ಮೂರು ದಿನ ತಂಗುವುದು. ಸಾಲ ಮಾಡಿ ಯಾರೂ ಬರುವಂತಿಲ್ಲ. ತಲೆಗೆ ಎರಡು ಸಾವಿರ ರೂಪಾಯಿಯ ಪಟ್ಟಿ, ಅದರ ಲೆಕ್ಕ ಎಲ್ಲರೆದುರಿಗೆ.

ಗಾಡಿಯ ಬಾಡಿಗೆಯ ಪ್ರಶ್ನೆಯೂ ತಾನಾಗಿಯೇ ಬಗೆಹರಿಯಿತು. ಕರ್ನಾಟಕದಲ್ಲಿ 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಆರಂಭವಾದ ಮೇಲೆ ಹೆಂಗಸರು ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೀಟಿನ ಹಣವಿಲ್ಲದೆ ಹೋಗಬಹುದಾಯಿತು. ಹನ್ನೊಂದು ಮಂದಿಯ ದಾರಿಯ ಖರ್ಚು ಉಳಿಯಿತು. ಕಿಸೆಗೆ ಕೈಹಾಕಬೇಕಾದವರು ಆರು ಮಂದಿ ಗಂಡಸರು ಮಾತ್ರ. ಈ ಸಂಗತಿಯನ್ನು ಹುಬ್ಬಳ್ಳಿಯಿಂದ ಕಲಘಟಗಿಯವರೆಗೆ ಹೆಂಗಸರು ಅವರಿಗೆ ಮರೆಯಗೊಡಲಿಲ್ಲ.

ಎರೆಯಿಂದ ಕಾಡಿಗೆ, ಕಾಡಿನಿಂದ ಕಡಲಿಗೆ

ಹುಬ್ಬಳ್ಳಿಯಿಂದ ಕಾರವಾರ ಸುಮಾರು 165 ಕಿಲೋಮೀಟರು. ಇಷ್ಟು ಚಿಕ್ಕ ದಾರಿಯಲ್ಲಿ ನಿಸರ್ಗ ಮೂರು ಸಲ ಉಡುಪು ಬದಲಿಸುತ್ತದೆ. ಕಲಘಟಗಿಯವರೆಗೆ ಬಯಲು, ಅದರಾಚೆಗೆ ಮಣ್ಣು ಕೆಂಪಗಾಗಿ ಭತ್ತದ ಗದ್ದೆಗಳೂ ತೇಗದ ಗಿಡಗಳೂ ಕಾಣತೊಡಗುತ್ತವೆ. ಯಲ್ಲಾಪುರ ಬರುವಷ್ಟರಲ್ಲಿ ದಟ್ಟವಾದ ಅಡವಿ. ಅಲ್ಲಿಂದ ಮುಂದೆ ಅರಬೈಲು ಘಟ್ಟ. ಹಾವಿನಂತೆ ಸುತ್ತಿ ಸುತ್ತಿ ಇಳಿಯುವ ರಸ್ತೆ. ಕಿಟಕಿಯ ಬಳಿ ಕುಳಿತವರು ಕೆಳಗಿನ ಕಣಿವೆಯನ್ನು ನೋಡಿ ಸುಮ್ಮನಾದರು. ಇದೇ ಇಳಿಜಾರಿನಲ್ಲಿ ಹತ್ತಿ ಹೇರಿದ ಚಕ್ಕಡಿಯನ್ನು ತಡೆದು ತಡೆದು ಇಳಿಸಿದ ಎತ್ತುಗಳನ್ನು ನೆನೆದರೆ ಯಾರಿಗಾದರೂ ಮೈ ಜುಮ್ಮೆನ್ನದಿರದು.

ಘಟ್ಟ ಇಳಿದ ಮೇಲೆ ಜೊತೆಗೊಡುವ ಹೊಳೆ ಗಂಗಾವಳಿ. ಅದನ್ನು ಪರಕೀಯಳೆಂದು ತಿಳಿಯಬೇಕಾಗಿಲ್ಲ. ಧಾರವಾಡದ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆಯ ನೀರು ಬೇಡ್ತಿಯೊಡನೆ ಕಾಡನ್ನು ಹಾಯ್ದು, ಘಟ್ಟದಿಂದ ಧುಮುಕಿ, ಗಂಗಾವಳಿಯೆಂಬ ಹೆಸರಿನಲ್ಲಿ ಕಡಲನ್ನು ಸೇರುತ್ತದೆ. ನಮ್ಮ ಸೀಮೆಯ ಮಗಳೇ ಇಲ್ಲಿ ಸೊಸೆಯಾಗಿದ್ದಾಳೆ.

ಅಂಕೋಲೆಯಲ್ಲಿ ಬಸ್ಸು ತುಸು ಹೊತ್ತು ನಿಂತಿತು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಇಡೀ ಕರ್ನಾಟಕವೇ ತಿರುಗಿ ನೋಡಿದ ಊರು ಇದು. ಸರಕಾರದ ಕಾಯಿದೆಯನ್ನು ಮುರಿದು ಇಲ್ಲಿಯ ಜನ ಉಪ್ಪು ತಯಾರಿಸಿದರು; ಅನಂತರದ ಕರನಿರಾಕರಣೆಯಲ್ಲಿ ಹೊಲಮನೆಗಳನ್ನು ಕಳೆದುಕೊಂಡ ರೈತರೂ ಅನೇಕರು. ಘಟ್ಟ ಹತ್ತಿ ನಮ್ಮ ಅಡಿಗೆಮನೆಗೆ ಬರುತ್ತಿದ್ದ ಉಪ್ಪಿಗೆ ಇಂಥದೊಂದು ಬೆಲೆಯೂ ಇತ್ತೆಂಬುದನ್ನು ಬಳಗದ ಹುಡುಗಿಯರಿಗೆ ಹೇಳಿದಾಗ ಅವರು ಬೆರಗಾದರು.

ಕಾರವಾರ

ಕಾರವಾರದ ಕೊಲ್ಲಿ ಬಿದಿಗೆಯ ಚಂದ್ರನಂತೆ ಬಾಗಿದೆ. ಒಂದು ತುದಿಗೆ ಬೈತಖೋಲದ ಬಂದರು, ಗುಡ್ಡ. ಇನ್ನೊಂದು ತುದಿಗೆ ಕಾಳೀನದಿಯ ಮುಖ, ಅದರಾಚೆ ಸದಾಶಿವಗಡ. ಸೋಂದೆಯ ಅರಸನೊಬ್ಬನು ತನ್ನ ತಂದೆ ಸದಾಶಿವನ ಹೆಸರಿನಲ್ಲಿ ಕಟ್ಟಿಸಿದ ಕೋಟೆ ಅದು. ಎದುರಿಗೆ ನೀರಿನಲ್ಲಿ ಕೂರ್ಮಗಡ, ದೇವಗಡ ಮೊದಲಾದ ನಡುಗಡ್ಡೆಗಳು. ದಂಡೆಯುದ್ದಕ್ಕೂ ಗಾಳಿಮರಗಳ ಸಾಲು.

ಗಾಳಿಮರಗಳಾಚೆ ಕಡಲು ಕಂಡಾಗ ಬಳಗದ ಮಾತು ನಿಂತಿತು. ಆ ಹಿರಿಯಾಕೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಹಳ ಹೊತ್ತು ನೋಡಿದರು. ತರುವಾಯ ಅವರಾಡಿದ ಮಾತು: “ನಮ್ಮ ಎರೀ ಹೊಲಾ ಇದ್ದಂಗ ಐತಲ್ರೀ. ಬದುವ ಇಲ್ಲ ನೋಡ್ರಿ.”

ಕಡಲಿಗೆ ಕವಿಗಳು ಕೊಟ್ಟ ಹೋಲಿಕೆಗಳು ಸಾವಿರ. ಬದುವಿಲ್ಲದ ಹೊಲವೆಂಬ ಹೋಲಿಕೆ, ಬದುವಿನ ಜಗಳಗಳಲ್ಲಿ ಆಯುಷ್ಯ ಸವೆಸಿದ ಮನೆತನಗಳನ್ನು ಕಂಡವರಿಗೆ ಮಾತ್ರ ಹೊಳೆಯುವಂಥದು.

ಈ ದಂಡೆಗೆ ಕವಿಯೊಬ್ಬರ ಹೆಸರೇ ಇದೆ. ರವೀಂದ್ರನಾಥ ಠಾಕೂರರ ಅಣ್ಣ ಸತ್ಯೇಂದ್ರನಾಥರು, ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾದ ಮೊದಲ ಭಾರತೀಯರು, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1883ರಲ್ಲಿ ತಮ್ಮನು ಅಣ್ಣನ ಮನೆಗೆ ಬಂದರು. ಅವರಿಗೆ ಆಗ ಇಪ್ಪತ್ತೆರಡು ವರ್ಷ. ಒಂದು ಬೆಳುದಿಂಗಳ ರಾತ್ರಿ ಮನೆಯವರೆಲ್ಲ ಕೂಡಿ ದೋಣಿಯಲ್ಲಿ ಕಾಳೀನದಿಯ ಮೇಲಕ್ಕೆ ಹೋಗಿ, ಮರಳುವಾಗ ಅಳಿವೆಯ ಬಳಿ ಇಳಿದು ಮರಳಿನ ಮೇಲೆ ನಡೆದು ಬಂದರೆಂದು ಅವರೇ ತಮ್ಮ ಜೀವನಸ್ಮೃತಿಯಲ್ಲಿ ನೆನೆದಿದ್ದಾರೆ. ಅದೂ ಒಂದು ಬಳಗದ ವಿಹಾರವೇ.

ಇಲ್ಲಿಯೇ ಅವರು ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕವನ್ನು ಬರೆದರು. ಅದರ ನಾಯಕ ಒಬ್ಬ ಸನ್ಯಾಸಿ. ಜಗತ್ತಿನ ಬಂಧನಗಳನ್ನೆಲ್ಲ ಕಡಿದುಕೊಂಡರೆ ಅನಂತವು ಕೈಸೇರುವುದೆಂದು ಅವನ ನಂಬುಗೆ. ದಿಕ್ಕಿಲ್ಲದ ಒಂದು ಪುಟ್ಟ ಹುಡುಗಿಯ ಪ್ರೀತಿ ಅವನನ್ನು ಮತ್ತೆ ಜಗತ್ತಿಗೆ ಎಳೆತರುತ್ತದೆ. ಶಾಂತಿಗಾಗಿ ನಂಟನ್ನು ಕಡಿಯಬೇಕಾಗಿಲ್ಲ. ನಂಟಿನೊಳಗೇ ಅದು ದೊರೆಯಬೇಕು ಎಂಬುದು ಅದರ ತಿರುಳು. ಕಡಲಿನೆದುರು ಹದಿನೇಳು ಜನ ಸಾಲಾಗಿ ಕುಳಿತು ಶೇಂಗಾ ಸುಲಿಯುತ್ತಿದ್ದುದನ್ನು ನೋಡಿದಾಗ ಈ ನಾಟಕ ಇಲ್ಲಿ ಹುಟ್ಟಿದ್ದು ಸಹಜವೆಂದೇ ತೋರಿತು.

ಆ ಮೂರು ದಿನ ಅವರು ಮಾಡಿದ್ದು ಬಹಳ ಕಡಿಮೆ. ಬೆಳಗ್ಗೆ ದಂಡೆಯ ಮೇಲೆ ನಡೆದರು. ಬಲೆ ಎಳೆಯುವ ಮೀನುಗಾರರನ್ನು ನಿಂತು ನೋಡಿದರು. ಬಿಸಿಲೇರಿದಾಗ ಕೋಣೆಗೆ ಬಂದು ಮಲಗಿದರು. ಹಗಲಿನಲ್ಲಿ ನಿದ್ದೆ ಮಾಡಿ ಎಷ್ಟು ವರ್ಷವಾಯಿತೆಂದು ಇಬ್ಬರು ಓರಗಿತ್ತಿಯರು ಲೆಕ್ಕ ಹಾಕಿದರು. ಬಾಣಂತನದ ದಿನಗಳಾಚೆಗೆ ಲೆಕ್ಕ ಸಿಗಲಿಲ್ಲ. ಖಾನಾವಳಿಯಲ್ಲಿ ಕುಚಲಕ್ಕಿಯ ಅನ್ನವನ್ನೂ ಕೋಕಮಿನ ಸೋಲಕಡಿಯನ್ನೂ ಮೊದಲು ಅನುಮಾನದಿಂದ, ಮರುದಿನ ಬೇಡಿ ಉಂಡರು. ತಂದಿದ್ದ ಕಟಿ ರೊಟ್ಟಿ, ಗುರೆಳ್ಳಿನ ಹಿಂಡಿ, ಶೇಂಗಾ ಚಟ್ನಿಗಳಲ್ಲಿ ಒಂದು ಪಾಲು ಖಾನಾವಳಿಯ ಅಡಿಗೆಯವಳಿಗೆ ಹೋಯಿತು. ಮೂರನೆಯ ದಿನ ಆಕೆ ಒಂದು ಹಿಡಿ ಒಣ ಕೋಕಮನ್ನು ಪೊಟ್ಟಣ ಕಟ್ಟಿ ತಂದುಕೊಟ್ಟಳು. ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ನಡೆದ ಹಳೆಯ ವ್ಯಾಪಾರ ಹೀಗೆ ಮತ್ತೊಮ್ಮೆ ನಡೆಯಿತು. ಈ ಸಲ ದಲಾಲಿಯಿರಲಿಲ್ಲ.

‘ಚಿಂತೆಗೆ ದೂರ’

ಹಡಗಿನ ಊರುಗಳು ವಿಹಾರದ ಊರುಗಳಾಗುವುದು ಜಗತ್ತಿನಲ್ಲೆಲ್ಲ ಕಾಣುವ ಮಾತು. ಆಗ್ನೇಯ ಏಷ್ಯದ ಥಾಯ್ಲೆಂಡಿನಲ್ಲಿ, ಬ್ಯಾಂಕಾಕಿನ ದಕ್ಷಿಣಕ್ಕೆ, ಹುವಾ ಹಿನ್ ಎಂಬ ಕಡಲೂರು ಇದೆ. ಅದು ಮೊದಲು ಮೀನುಗಾರರ ಹಳ್ಳಿ. 1911ರ ಸುಮಾರಿಗೆ ರೈಲು ಅಲ್ಲಿಗೆ ಮುಟ್ಟಿತು. 1923ರಲ್ಲಿ ರೈಲ್ವೆಯವರೇ ದಂಡೆಯ ಮೇಲೆ ದೊಡ್ಡ ಹೋಟೆಲು ತೆರೆದರು. ರಾಜಮನೆತನದವರು ಅಲ್ಲಿ ಬಂಗಲೆ ಕಟ್ಟಿದರು. ಏಳನೆಯ ರಾಮನೆಂಬ ಬಿರುದಿನ ಅರಸ ಪ್ರಜಾಧಿಪೋಕನು 1920ರ ದಶಕದ ಕೊನೆಯಲ್ಲಿ ಅಲ್ಲೊಂದು ಅರಮನೆ ಕಟ್ಟಿಸಿ ಅದಕ್ಕೆ ‘ಕ್ಲೈ ಕಂಗ್ವೋನ್’ ಎಂದು ಹೆಸರಿಟ್ಟನು. ಚಿಂತೆಗೆ ದೂರ ಎಂದು ಅದರ ಅರ್ಥ.

ಆದರೆ ಚಿಂತೆಗೆ ಅರಮನೆಯ ವಿಳಾಸ ಗೊತ್ತಿತ್ತು. 1932ರ ಜೂನ್ 24ರಂದು ಬ್ಯಾಂಕಾಕಿನಲ್ಲಿ ಕ್ರಾಂತಿಯಾಗಿ ಅರಸೊತ್ತಿಗೆಯ ನಿರಂಕುಶ ಅಧಿಕಾರ ಮುಗಿದಾಗ ಅರಸನು ಅದೇ ಚಿಂತೆಗೆ ದೂರವಾದ ಅರಮನೆಯಲ್ಲಿದ್ದನು!

ಹುವಾ ಹಿನ್ನಿಗೆ ರೈಲು ಮುಂಚೆ ಬಂತು, ವಿಹಾರ ಅದರ ಬೆನ್ನಿಗೆ ಬಂತು. ಕಾರವಾರಕ್ಕೆ ಕೊಂಕಣ ರೈಲು ಬಂದದ್ದು 1990ರ ದಶಕದಲ್ಲಿ. ಇಡೀ ಮಾರ್ಗ ದೇಶಕ್ಕೆ ಅರ್ಪಿತವಾದದ್ದು 1998ರಲ್ಲಿ. ಇತ್ತೀಚೆಗೆ ನಮ್ಮ ನಗರಗಳಿಂದಲೂ ಗುಂಪುಗುಂಪಾಗಿ ಜನ ವಿಮಾನವೇರಿ ಅಂಥ ದೂರದ ಕಡಲೂರುಗಳಿಗೆ ಹೋಗಿಬರುತ್ತಾರೆ. ಹೋಗಲಿ, ಸಂತೋಷ. ಆದರೆ ಆ ಅರಸನ ಕಥೆ ಹೇಳುವ ನೀತಿ ಹತ್ತಿರಕ್ಕೆ ಹೋದವರಿಗೂ ಒಪ್ಪುತ್ತದೆ. ಚಿಂತೆಯಿಂದ ಓಡಿಹೋಗುವಷ್ಟು ದೂರದ ಊರು ಭೂಮಿಯ ಮೇಲಿಲ್ಲ. ಹತ್ತಿಯ ಧಾರಣೆ, ಮಗಳ ಫೀ, ಸೊಸೈಟಿಯ ಸಾಲ, ಇವು ಸಂಶಿಯವರೊಡನೆ ಕಾರವಾರಕ್ಕೂ ಬಂದಿದ್ದವು. ಬೇರೆಯಾದದ್ದು ಒಂದೇ: ಅವನ್ನು ಹದಿನೇಳು ಜನ ಕೂಡಿ, ಸಂಜೆಯ ಗಾಳಿಯಲ್ಲಿ, ಒಬ್ಬರಿಗೊಬ್ಬರು ಹೇಳಿಕೊಂಡರು. ಒಂದೇ ಓಣಿಯಲ್ಲಿದ್ದೂ ಅದುವರೆಗೆ ಹೇಳಿಕೊಂಡಿರಲಿಲ್ಲ.

ನೀರಿಗೆ ಸಲ್ಲಬೇಕಾದ ಮರ್ಯಾದೆ

ಎರಡನೆಯ ದಿನ ದೋಣಿಯ ಮಾತು ಬಂದಿತು. ನಡುಗಡ್ಡೆಯ ತನಕ ಹೋಗಿಬರೋಣವೆಂದು ತರುಣರ ಆಸೆ. ದೋಣಿಯವನು ಸಿದ್ಧನಾಗಿದ್ದ, ಆದರೆ ತೇಲುವ ಜಾಕೀಟುಗಳು ಅವನ ಬಳಿ ಇದ್ದದ್ದು ಹತ್ತು. “ಹೆದರಬೇಡಿ, ಸಮುದ್ರ ಇವತ್ತು ತೆಪ್ಪಗಿದೆ” ಎಂದ.

ಇಲ್ಲಿ ವಾಚಕರಿಗೆ ಒಂದು ದುಃಖದ ಸಂಗತಿಯನ್ನು ನೆನಪಿಸಬೇಕಾಗಿದೆ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಇದೇ ಕಾರವಾರದ ಕಡಲಿನಲ್ಲಿ ಮಗುಚಿತು. 16 ಜನ ಸತ್ತರು. ಅವರಲ್ಲಿ ಹಾವೇರಿ ಜಿಲ್ಲೆಯ ಒಂದೇ ಮನೆತನದ ಹಲವರಿದ್ದರು. ಹಾವೇರಿ ಜಿಲ್ಲೆಯ ಗಡಿ ಕುಂದಗೋಳ ತಾಲೂಕಿಗೆ ತಾಗಿಯೇ ಇದೆ. ಆ ಸಾವಿನ ಸುದ್ದಿ ಸಂಶಿಯ ಸುತ್ತಲಿನ ಊರುಗಳಿಗೆ ಪತ್ರಿಕೆಯ ಸುದ್ದಿಯಾಗಿ ಬರಲಿಲ್ಲ, ನೆರೆಮನೆಯ ಸುದ್ದಿಯಾಗಿ ಬಂದಿತು. 2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ, ಶಾಲೆಯ ಪ್ರವಾಸಕ್ಕೆ ಬಂದಿದ್ದ ಮುಳಬಾಗಿಲು ತಾಲೂಕಿನ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಕೋಲಾರ ಜಿಲ್ಲೆಯೂ ಬಯಲುಸೀಮೆಯೇ. ನೀರಿನ ಬರದಲ್ಲಿ ಬೆಳೆದ ಮಕ್ಕಳಿಗೆ ನೀರಿನ ಮೇಲಿರುವ ಪ್ರೀತಿ ಅಪಾರ. ಅದರ ಪರಿಚಯ ಮಾತ್ರ ಇಲ್ಲ.

ಆ ಹಿರಿಯಾಕೆ ದೋಣಿಯವನಿಗೆ ಶಾಂತವಾಗಿಯೇ ಹೇಳಿದರು: “ಹದಿನೇಳು ಅಂಗಿ ಇದ್ರ ಹದಿನೇಳು ಮಂದಿ. ಹತ್ತ ಇದ್ರ ಹತ್ತು ಮಂದಿ. ಹೆಚ್ಚಿಗಿ ಒಂದು ಕೂಸೂ ಹತ್ತಂಗಿಲ್ಲಪ್ಪಾ.”

ಹಾಗೆಯೇ ಆಯಿತು. ಎರಡು ಸರದಿಯಲ್ಲಿ ಹೋದರು. ಹೆಚ್ಚಿನ ಖರ್ಚನ್ನು ಪಟ್ಟಿಯ ಲೆಕ್ಕದಿಂದ ಕೊಟ್ಟರು. ಸೀರೆಯ ಮೇಲೆ ಕಿತ್ತಳೆಯ ಬಣ್ಣದ ಜಾಕೀಟು ತೊಟ್ಟು ಒಬ್ಬರನ್ನೊಬ್ಬರು ನೋಡಿ ನಕ್ಕರು. ಆ ನಗೆಗೆ ಬೆಲೆಯಿದೆ.

ಕಡಲನ್ನು ಬಲ್ಲವರು ಹೇಳುವ ಮಾತುಗಳು ಕೆಲವೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ನಮ್ಮ ಪಶ್ಚಿಮದ ಕಡಲಿಗೆ ಇಳಿಯಲಾಗದು. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಅವುಗಳ ವೇಳೆ ದಿನದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಸುತ್ತ ಉಬ್ಬರ ಹೆಚ್ಚು. ದಂಡೆಗೆ ಅಪ್ಪಳಿಸಿದ ನೀರು ಮರಳಿ ಹೋಗುವಾಗ ಕೆಲವೆಡೆ ಕಾಲುವೆಯಂತೆ ಒಂದೇ ಕಡೆಗೆ ಕೂಡಿ ರಭಸದಿಂದ ಒಳಕ್ಕೆ ಸೆಳೆಯುತ್ತದೆ. ಅಲೆಗಳ ನಡುವೆ ತೆರೆಯಿಲ್ಲದೆ ಸಮತಟ್ಟಾಗಿ ಕಾಣುವ ಜಾಗವೇ ಸುರಕ್ಷಿತವೆಂದು ಹೊಸಬರು ತಿಳಿಯುತ್ತಾರೆ. ಬಹಳ ಸಲ ಸೆಳೆತವಿರುವುದು ಅಲ್ಲಿಯೇ. ಅದಕ್ಕೆ ಸಿಕ್ಕವರು ದಂಡೆಯ ಕಡೆಗೇ ಈಜಲು ಹೆಣಗಿ ಸೋತುಹೋಗುತ್ತಾರೆ. ಗಾಬರಿಯಾಗದೆ ತೇಲುತ್ತ, ದಂಡೆಗೆ ಸಮನಾಗಿ ಪಕ್ಕಕ್ಕೆ ಸರಿದು, ಸೆಳೆತ ತಪ್ಪಿದ ಮೇಲೆ ದಡದ ಕಡೆಗೆ ತಿರುಗಬೇಕು. ಈಜು ಬಾರದವರಿಗೆ ಮೊಣಕಾಲಿನವರೆಗಿನ ನೀರೇ ಸಾಕಷ್ಟು ಕಡಲು. ಜೀವರಕ್ಷಕರ ಸೀಟಿ ಕೇಳಿದರೆ ಅದು ನಮ್ಮ ಸಂತೋಷವನ್ನು ಕಸಿಯಲು ಊದಿದ್ದಲ್ಲ.

ಕಟ್ಟೆಗೆ ಉತ್ತರ

ಕೊನೆಯ ಸಂಜೆ ಚಂದ್ರನು ಬೆಟ್ಟದ ಮೇಲೆ ಮುಂಚಿತವಾಗಿಯೇ ಬಂದಿದ್ದನು. ದೇವಗಡದ ದೀಪಸ್ತಂಭ ಕಣ್ಣು ಮಿಟುಕಿಸತೊಡಗಿತು. ಹೆಂಗಸರಲ್ಲಿ ಒಬ್ಬಳು ಸೋಬಾನೆಯ ಪದ ಎತ್ತಿಕೊಂಡಳು. ಉಳಿದವರು ಸೊಲ್ಲು ಕೂಡಿಸಿದರು. ಮದುವೆಯೂ ಇರಲಿಲ್ಲ, ಸೀಮಂತವೂ ಇರಲಿಲ್ಲ. ಗಂಡಸರು ದೂರದಲ್ಲಿ ಕುಳಿತು ಕೇಳಿದರು. ಅವರಲ್ಲಿ ಒಬ್ಬರು, ಮೂವತ್ತು ವರ್ಷದ ಸಂಸಾರ ಮಾಡಿದವರು, ತಮ್ಮ ಮನೆಯಾಕೆಯ ದನಿ ಇಷ್ಟು ಇಂಪಾಗಿರುವುದನ್ನು ತಾವು ಅರಿತಿರಲಿಲ್ಲವೆಂದು ಮೆಲ್ಲಗೆ ಹೇಳಿದರು. ಮನೆಯಲ್ಲಿ ಆಕೆಗೆ ಹಾಡಲು ಹೊತ್ತೆಲ್ಲಿತ್ತು?

ಪಟ್ಟಿಯ ಲೆಕ್ಕ ಬಸ್ಸಿನಲ್ಲಿಯೇ ಮುಗಿಯಿತು. ಮಿಕ್ಕ ಹಣವನ್ನು ಹಂಚಿಕೊಳ್ಳದೆ ಸಂಘದ ಪೆಟ್ಟಿಗೆಗೆ ಹಾಕಿದರು. ಮುಂದಿನ ವರ್ಷ, ಈ ಸಲ ಬರಲಾಗದವರಿಗಾಗಿ. ಬರಲಾಗದವರೆಂದರೆ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇರುವವರು, ಕೈಗೂಸು ಇರುವವರು, ಕೂಲಿ ತಪ್ಪಿದರೆ ಒಲೆ ಹೊತ್ತದವರು. ಬಿಡುವು ಎಲ್ಲರಿಗಿಂತ ಹೆಚ್ಚು ಬೇಕಾದವರು ಅವರೇ. ಅದು ಎಲ್ಲರಿಗಿಂತ ದೂರವಿರುವುದೂ ಅವರಿಗೇ. ಒಬ್ಬಳು ಹೋದರೆ ಅವಳ ಮನೆಯ ಕೆಲಸವನ್ನು ನೆರೆಯವರು ಮೂರು ದಿನ ನೋಡಿಕೊಳ್ಳುವುದೆಂದು ಈ ಹೆಂಗಸರು ಈಗಲೇ ಮಾತಾಡಿಕೊಂಡಿದ್ದಾರೆ. ಹೊಲದ ಕೆಲಸದಲ್ಲಿ ಮುಯ್ಯಿ ನಡೆಯುವ ಊರಿನಲ್ಲಿ ಬಿಡುವಿನ ಮುಯ್ಯಿ ಏಕೆ ನಡೆಯಬಾರದು?

ಏನು ಹೆಚ್ಚಾಗಿದೆ ಇವರಿಗೆ ಎಂದು ಕೇಳುವ ಕಟ್ಟೆಯ ಹಿರಿಯರಿಗೆ ಹೇಳಬೇಕಾದದ್ದು ಇಷ್ಟೆ. ಹೆಚ್ಚಾದದ್ದೇನೂ ಇಲ್ಲ, ಬಹುಕಾಲದ ಬಾಕಿಯೊಂದಿತ್ತು. ಅರಳೆಯ ಅಂಡಿಗೆ ಇಳಿದ ಹಾದಿಯಲ್ಲಿ, ಉಪ್ಪಿನ ಮೂಟೆ ಏರಿದ ಹಾದಿಯಲ್ಲಿ, ನಮ್ಮ ಸೀಮೆಯ ಹೆಣ್ಣುಮಕ್ಕಳು ಒಮ್ಮೆ ಬರಿಗೈಯಲ್ಲಿ ಹೋಗಿಬಂದರು. ಆ ಬಾಕಿಯಲ್ಲಿ ಒಂದು ಕಂತು ಸಂದಿತು.